ಬ್ರಹ್ಮಸ್ಥಾನದ ತೊಲೆ

ಗೌರಿಬಿದನೂರಿನ ತಾಲ್ಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಯೊಂದರ ಮೇಲೆ, ಒಂದೇ ಕಿಟಕಿಯ ಕೋಣೆ ಇದೆ. ಅಲ್ಲಿ ಕೂತು ಕೆಲಸ ಮಾಡುವ ಹೆಣ್ಣುಮಗಳ ಹೆಸರು ಹರಿತಾ. ವಯಸ್ಸು ಮೂವತ್ತೆರಡು. ಕಟ್ಟಡ ನಿಲ್ಲುತ್ತದೋ ಬೀಳುತ್ತದೋ ಎಂದು ಕಟ್ಟುವ ಮೊದಲೇ ಲೆಕ್ಕ ಹಾಕಿ ಹೇಳುವುದು ಅವಳ ಕಸುಬು. ಮನೆಯ ಮುಂಭಾಗ ಅಂದವಾಗಿ ಕಾಣುವ ಹಾಗೆ ಬಣ್ಣದ ಚಿತ್ರ ಬರೆದುಕೊಡಿ ಎಂದು ಜನ ಮೆಟ್ಟಿಲು ಹತ್ತಿ ಬರುತ್ತಾರೆ. "ಅದು ಪಕ್ಕದ ಬೀದೀಲಿ ಮಾಡ್ಕೊಡ್ತಾರೆ ಅಣ್ಣ, ನಾನು ಒಳಗಿನ ಮೂಳೆ ನೋಡೋಳು" ಎನ್ನುತ್ತಾಳೆ. ಮೂಳೆ ಯಾರಿಗೂ ಬೇಡ. ಅರ್ಧ ಜನ ಹಾಗೇ ಇಳಿದುಹೋಗುತ್ತಾರೆ.

ನಾನು ಮೇಸ್ತ್ರಿ ರಾಮಾಂಜಿನಪ್ಪ. ಎಪ್ಪತ್ತೊಂದು ತುಂಬಿದೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಕರಣೆ ಹಿಡಿದವನು. ಕಲಿತ ನಾಲ್ಕಕ್ಷರ ಮರೆಯದಿರಲೆಂದು ಬೋಂಡ ಕಟ್ಟಿದ ಪೇಪರನ್ನೂ ಬಿಡದೆ ಓದಿದೆ. ನಕ್ಷೆ ಓದುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಇಂಜಿನಿಯರುಗಳು ಊಟಕ್ಕೆ ಹೋದಾಗ ಹರವಿಟ್ಟ ಹಾಳೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನಾನೇ ಕಲಿತೆ. ಚಿಂತಾಮಣಿಯ ಅಂಗಡಿ ಸಾಲುಗಳಿಂದ ಶಿಡ್ಲಘಟ್ಟದ ರೇಷ್ಮೆ ಶೆಡ್ಡುಗಳವರೆಗೆ ನನ್ನ ಕೈ ಬಿದ್ದ ಕಟ್ಟಡ ಇನ್ನೂರಕ್ಕೆ ಕಡಿಮೆಯಿಲ್ಲ. ಒಂದೂ ಬಿದ್ದಿಲ್ಲ. ಇದನ್ನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಕಳೆದ ಹುಣಸೆ ಸುಗ್ಗಿಯಲ್ಲಿ ಆ ಎದೆಯೇ ಡವಡವ ಹೊಡೆದುಕೊಂಡ ದಿನವೊಂದು ಬಂತು. ಹರಿತಾ ಎಂಥವಳು ಎಂದು ತಿಳಿದದ್ದು ಆ ದಿನ.

ಅವಳು ನಗರಗೆರೆ ಕಡೆಯವಳು. ಅಪ್ಪ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ, ಅಮ್ಮ ಅಮ್ಮಾಜಮ್ಮ ಎರಡು ಎಕರೆಯಲ್ಲಿ ರಾಗಿ, ಅವರೆ ಬೆಳೆಯುವವರು. ಮಗಳು ಇಂಜಿನಿಯರಿಂಗ್ ಮುಗಿಸಿ ಆರು ವರ್ಷ ಹಿಂದೂಪುರದ ರೈಲು ಹತ್ತಿ ಯಲಹಂಕಕ್ಕೆ ಹೋಗಿ ಬಂದಳು. ಅಲ್ಲಿನ ಆಫೀಸಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ತೊಲೆಗಳನ್ನು ಕಂಪ್ಯೂಟರಿನಲ್ಲಿ ಬಗ್ಗಿಸಿ, ಮುರಿದು, ಎಲ್ಲಿ ಮುರಿಯಿತೆಂದು ಬರೆದುಕೊಡುವುದು ಕೆಲಸ. ಒಂದು ದಿನ ಬಿಟ್ಟುಬಿಟ್ಟಳು. ಯಾಕಮ್ಮ ಎಂದು ಕೇಳಿದ್ದಕ್ಕೆ, "ಆರು ವರ್ಷದಲ್ಲಿ ನಾನು ಲೆಕ್ಕ ಹಾಕಿದ ಒಂದು ಬೀಮನ್ನೂ ಕೈಯಲ್ಲಿ ಮುಟ್ಟಿಲ್ಲ ತಾತ. ಯಾವ ಊರಲ್ಲಿದೆ ಅಂತಾನೂ ಗೊತ್ತಿಲ್ಲ. ಮಲಗಿದ್ರೆ ಅದೇ ಯೋಚ್ನೆ, ಕಟ್ಟಿದೋರು ನಾನು ಬರ್ದಂಗೆ ಕಟ್ಟಿದಾರಾ ಅಂತ" ಎಂದಳು.

ಊರಿನಲ್ಲಿ ಅವಳಿಗೆ ಹೆದರುಪುಕ್ಕಲಿ ಎಂಬ ಹೆಸರು ಬಂದದ್ದು ಇದರಿಂದಲೇ. ಕಂಬಿ ಕಟ್ಟಿದ ಮೇಲೆ ಟೇಪು ಹಿಡಿದು ಎಣಿಸುತ್ತಾಳೆ. ಎಣಿಸಿದ್ದನ್ನು ಮತ್ತೆ ಎಣಿಸುತ್ತಾಳೆ. ನಾನೂ ನಕ್ಕವನೇ. "ಏನಮ್ಮ, ಕಂಬಿ ಎದ್ದು ಓಡಿಹೋಗ್ತವಾ?" ಎಂದು ಛೇಡಿಸುತ್ತಿದ್ದೆ. "ಕಂಬಿ ಓಡಲ್ಲ ತಾತ, ಕಂಬಿ ಕಟ್ಟೋರು ಓಡ್ತಾರೆ" ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಚೆನ್ನರಾಯಪ್ಪನವರು ವಿದುರಾಶ್ವತ್ಥದ ರಸ್ತೆಯಲ್ಲಿ ಹುಣಸೆಹಣ್ಣಿನ ಗೋಡೌನ್ ಕಟ್ಟಲು ಹೊರಟರು. ಚೆನ್ನರಾಯಪ್ಪನವರದು ಹಳೆಯ ಕುಳ, ಮಾತಿನಲ್ಲಿ ತೂಕ. ಕೆಳಗಡೆ ಹೆಂಗಸರು ಕೂತು ಹುಣಸೆ ಬೀಜ ಬಿಡಿಸಬೇಕು, ಮಹಡಿಯಲ್ಲಿ ಗಾಳಿಯಾಡುವ ಕಡೆ ಮೂಟೆ ಪೇರಿಸಬೇಕು. ಅವರ ಷರತ್ತು ಒಂದೇ: ಕಟ್ಟಡದ ನಟ್ಟನಡುವೆ ಕಂಬ ಬರಕೂಡದು. ಅದು ಬ್ರಹ್ಮಸ್ಥಾನ. ಇಡೀ ಕಟ್ಟಡವನ್ನು ಒಂಬತ್ತು ಮನೆಯಾಗಿ ಗೀರಿದರೆ ನಡುವಿನ ಮನೆ ಬ್ರಹ್ಮನದು, ಅಲ್ಲಿ ಭಾರ ನೆಡಬಾರದು ಎಂದು ಅವರ ವಾಸ್ತು ಪಂಡಿತರ ಕಟ್ಟಪ್ಪಣೆ.

ನಲವತ್ತಡಿ ಅಗಲಕ್ಕೆ ನಡುವೆ ಕಂಬವಿಲ್ಲದೆ ಬರಿಯ ಕಾಂಕ್ರೀಟಿನ ತೊಲೆ ಹಾಕಿದರೆ ಅದು ಆನೆಯಷ್ಟು ದಪ್ಪವಾಗಬೇಕು. ಹರಿತಾ ಬೇರೆ ದಾರಿ ಹೇಳಿದಳು. ಕಬ್ಬಿಣದ ತೊಲೆ, ಅದರ ಮೇಲೆ ಡೊಂಕು ತಗಡು, ತಗಡಿನ ಮೇಲೆ ಕಾಂಕ್ರೀಟು. ತೊಲೆಯ ಬೆನ್ನಿಗೆ ಅಡಿಗೊಂದರಂತೆ ಗುಂಡು ತಲೆಯ ಮೊಳೆಗಳನ್ನು ವೆಲ್ಡ್ ಮಾಡಬೇಕು, ಸ್ಟಡ್ಡು ಎನ್ನುತ್ತಾರೆ. ಆ ಮೊಳೆಗಳು ಕಾಂಕ್ರೀಟಿನೊಳಗೆ ಹೂತುಕೊಂಡು, ಕಬ್ಬಿಣ ಮತ್ತು ಕಾಂಕ್ರೀಟು ಒಂದರ ಮೇಲೊಂದು ಜಾರದ ಹಾಗೆ ಹಿಡಿಯುತ್ತವೆ. ಜೋಡಿ ಎತ್ತಿಗೆ ನೊಗ ಹೇಗೋ ಹಾಗೆ. ನೊಗ ಬಿಚ್ಚಿದರೆ ಎತ್ತು ಎರಡೂ ಗಟ್ಟಿಯೇ, ಆದರೆ ಗಾಡಿ ಮುಂದಕ್ಕೆ ಹೋಗದು.

ಇಂಥ ಆರು ತೊಲೆ. ಆ ಲೆಕ್ಕ ತೋರಿಸುವಾಗಲೇ ಅವಳು ಪ್ಲಾಸ್ಟಿಕ್ ಹಿಂಜ್ ಎಂಬ ಮಾತು ತೆಗೆದದ್ದು.

"ಬಕೆಟ್ಟಿನ ಪ್ಲಾಸ್ಟಿಕ್ಕಾ ತಾಯಿ?" ಎಂದೆ.

ಅವಳು ನಗದೆ ಕಂಬಿ ಕಟ್ಟುವ ತಂತಿಯ ತುಂಡೊಂದನ್ನು ಎತ್ತಿಕೊಂಡಳು. ಸ್ವಲ್ಪ ಬಗ್ಗಿಸಿ ಬಿಟ್ಟಳು, ನೆಟ್ಟಗಾಯಿತು. ಜಾಸ್ತಿ ಬಗ್ಗಿಸಿದಳು, ಬಗ್ಗಿದ್ದು ಹಾಗೇ ಉಳಿಯಿತು. "ಇಲ್ಲಿ, ಈ ಮೊಣಕೈಯಲ್ಲಿ, ಅದು ಸೋತೋಯ್ತು ತಾತ. ಮುರಿದಿಲ್ಲ. ಆದ್ರೆ ಇನ್ಮೇಲೆ ಎಷ್ಟು ಭಾರ ಹಾಕಿದ್ರೂ ಇಲ್ಲಿ ಬಾಗಿಲಿನ ಕೀಲಿನ ಥರ ತಿರುಗುತ್ತೆ, ಎದುರು ನಿಲ್ಲಲ್ಲ. ಎರಡೂ ತುದಿ ಬಿಗಿಯಾಗಿರೋ ಬೀಮಲ್ಲಿ ಇಂಥ ಕೀಲು ಮೂರಾದ್ರೆ ಬೀಮು ಕೆಳಗೆ. ಎರಡು ತುದೀಲಿ ಎರಡು, ನಡುವೆ ಒಂದು."

ನಲವತ್ತು ವರ್ಷ ಕಂಬಿ ಬಗ್ಗಿಸಿದ ಕೈ ನನ್ನದು. ಅವಳು ಹೇಳಿದ್ದು ನನ್ನ ಅಂಗೈಗೆ ಮೊದಲೇ ಗೊತ್ತಿತ್ತು. ಹೆಸರು ಮಾತ್ರ ಹೊಸದು. ಇದರಲ್ಲೇನಿದೆ ಮಹಾ ಎಂದುಕೊಂಡೆ. ಕೆಟ್ಟದ್ದು ಅಲ್ಲೇ.

ತೊಲೆಗಳು ಏರಿದವು, ತಗಡು ಹಾಸಿದ್ದಾಯಿತು. ಸ್ಟಡ್ಡು ವೆಲ್ಡ್ ಮಾಡುವ ವಾರ ಅಮ್ಮಾಜಮ್ಮನಿಗೆ ಪಿತ್ತಕೋಶದ ಆಪರೇಷನ್ ಆಗಿ, ಹರಿತಾ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದ್ದಳು. ಕೆಲಸ ನನ್ನ ಮೇಲುಸ್ತುವಾರಿಯಲ್ಲಿ ನಡೆಯುತ್ತಿತ್ತು. ವೆಲ್ಡಿಂಗ್ ಉದಯಕುಮಾರನದು, ಒಳ್ಳೆಯ ಕೈಗಾರ. ಮೂರನೆಯ ತೊಲೆಯ ನಡುವಿಗೆ ಬಂದಾಗ ಚೆನ್ನರಾಯಪ್ಪನವರು ಬಂದು ನಿಂತರು.

"ಏನಿದು ಮೇಸ್ತ್ರಿ, ಬ್ರಹ್ಮನ ಹೊಟ್ಟೆಗೆ ಮೊಳೆ ಹೊಡೀತಾ ಇದೀರ? ಕಂಬ ಬೇಡ ಅಂದಿದ್ದು ಯಾಕೆ ಹಂಗಾದ್ರೆ?"

ನಾನು ತೊಲೆಯನ್ನು ನೋಡಿದೆ. ಒಂದೂವರೆ ಅಡಿ ಎತ್ತರದ ಉಕ್ಕು, ನನ್ನ ತೊಡೆಗಿಂತ ದಪ್ಪ. ಇಂಜಿನಿಯರು ಹತ್ತು ಎಂದರೆ ಎಂಟು ಸಾಕು, ಉಳಿದೆರಡು ಅವರ ಹೆದರಿಕೆಗೆ. ಇದು ನಮ್ಮ ಕಸುಬಿನವರೆಲ್ಲ ಬಾಯಿಗೆ ಬಾಯಿ ದಾಟಿಸಿಕೊಂಡು ಬಂದ ಮಾತು. ಅದರಲ್ಲೂ ಈ ಹುಡುಗಿ ಹೆದರುಪುಕ್ಕಲಿ, ಇವಳ ಹತ್ತರಲ್ಲಿ ಐದು ಹೆದರಿಕೆಯೇ ಇರಬೇಕು ಎಂದುಕೊಂಡೆ. "ಉದಯ, ನಡುವಿನ ಹದಿಮೂರಡಿ ಬಿಡಪ್ಪ. ಮೂರನೇದರಲ್ಲೂ ನಾಲ್ಕನೇದರಲ್ಲೂ" ಎಂದೆ.

ಉದಯಕುಮಾರ ಮುಖದ ಕನ್ನಡಕ ಎತ್ತಿ ನನ್ನನ್ನೇ ನೋಡಿದ. "ಮೇಡಂಗೆ ಒಂದು ಫೋನ್ ಮಾಡ್ಲಾ ತಾತ?"

"ಅವರಮ್ಮ ಆಪರೇಷನ್ ಆಗಿ ಮಲಗಿರೋವಾಗ ಮೊಳೆ ವಿಷ್ಯ ಕೇಳ್ತೀಯೇನೋ?" ಎಂದು ಗದರಿಸಿದೆ. ಕೇಳಲು ಒಳ್ಳೆಯ ಮಾತು. ಒಳಗಿದ್ದ ಮಾತು ಬೇರೆ: ಇನ್ನೂರು ಕಟ್ಟಡ ಕಟ್ಟಿದವನು ಇವಳನ್ನು ಏನು ಕೇಳುವುದು?

ಮೂರನೆಯ ದಿನ ಕಾಂಕ್ರೀಟು ಬಿತ್ತು. ಹರಿತಾ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮೊಳೆ ಇರುವ ಕಡೆಯೂ ಇಲ್ಲದ ಕಡೆಯೂ ಒಂದೇ ಬೂದುಬಣ್ಣವಾಗಿತ್ತು.

ಒಂದು ವರ್ಷ ಏನೂ ಆಗಲಿಲ್ಲ. ಮೊದಲ ಸುಗ್ಗಿಯಲ್ಲಿ ಬೆಳೆ ತೆಳು, ಮೂಟೆಗಳು ನಾಲ್ಕು ಸಾಲು ಎತ್ತರ ಮೀರಲಿಲ್ಲ. ಎರಡನೆಯ ಸುಗ್ಗಿಗೆ ಮರಗಳು ಬಾಗುವಷ್ಟು ಕಾಯಿ. ಹರಿತಾ ಲೆಕ್ಕ ಹಾಕಿದ್ದು ಎಂಟು ಸಾಲಿಗೆ. ಚೆನ್ನರಾಯಪ್ಪನವರಿಗೆ ಹತ್ತು ಸಾಲು ಏರಿಸುವ ಆಸೆ. "ಅಮ್ಮಯ್ಯ, ನಿನ್ನ ಕಂಪ್ಯೂಟರನ್ನ ಒಂದ್ಸಲ ಕೇಳಿ ಹೇಳು" ಎಂದು ಹರಿತಾಳಿಗೆ ಫೋನು ಮಾಡಿದ್ದರಂತೆ. ಆ ಬೆಳಿಗ್ಗೆ ನಾನು ಬೇರೆ ಯಾವುದೋ ನಕ್ಷೆಗೆಂದು ಅವಳ ಕೋಣೆಗೆ ಹೋದಾಗ ಅವಳು ಅದೇ ಕೆಲಸದಲ್ಲಿದ್ದಳು.

ಪರದೆಯ ಮೇಲೆ ಆರು ಗೆರೆ, ಆರು ತೊಲೆ. ತುದಿಗಳಲ್ಲಿ, ನಡುವೆ ಚುಕ್ಕಿಗಳು. ಅವಳು ಭಾರವನ್ನು ಒಂದೊಂದೇ ಸಾಲು ಏರಿಸುತ್ತಾ ಹೋದಳು. ಗೆರೆಗಳು ನಡುಬಗ್ಗಿದವು. ತುದಿಯ ಚುಕ್ಕಿಗಳು ಹಳದಿಯಾದವು.

"ತುದಿ ಕೀಲುಗಳು ಮೊದಲು ಏಳ್ತವೆ. ಅಲ್ಲಿ ಕಾಂಕ್ರೀಟು ಎಳೆತಕ್ಕೆ ಸಿಕ್ಕಿ ಬಿರುಕು ಬಿಟ್ಟಿರುತ್ತೆ, ಕಬ್ಬಿಣಾನೇ ಹೊರ್ಬೇಕು. ನಡುವೆ ಹಂಗಲ್ಲ. ಕಾಂಕ್ರೀಟು ಅದುಮಿ ಹಿಡ್ಕೊಂಡಿರುತ್ತೆ, ಶಕ್ತಿ ಹತ್ತತ್ರ ಎರಡರಷ್ಟು. ನೋಡಿ, ಹತ್ತನೇ ಸಾಲಿಗೂ ನಡುವಿನ ಚುಕ್ಕಿ ಹಸಿರೇ ಇದೆ. ಆದ್ರೂ ನಾನು ಹತ್ತಕ್ಕೆ ಒಪ್ಪಲ್ಲ, ಎಂಟೇ ಅಂತೀನಿ. ಸ್ಟಡ್ಡು ಇರೋ ತನಕ ಎಂಟಕ್ಕೆ ಏನೂ ಭಯ ಇಲ್ಲ ತಾತ."

ಹೇಳದೆ ಎದ್ದುಬರಬಹುದಿತ್ತು. ಎಂಟಕ್ಕೆ ಭಯವಿಲ್ಲ ಎಂದು ಅವಳೇ ಹೇಳಿದ್ದಾಳಲ್ಲ ಎಂದು ಮನಸ್ಸು ಸಮಜಾಯಿಷಿ ಕೊಟ್ಟಿತು. ಬಾಗಿಲವರೆಗೂ ಹೋದೆ.

"ಏನು ತಾತ? ಬಂದ ಕೆಲ್ಸಾನೇ ಹೇಳ್ದೆ ಹೊರಟ್ರಿ?"

"ನಡುವೆ ಸ್ಟಡ್ಡು ಇಲ್ಲಮ್ಮ" ಎಂದೆ.

ಅವಳು ನನ್ನನ್ನು ನೋಡಲಿಲ್ಲ, ಪರದೆಯನ್ನು ನೋಡಿದಳು. "ಯಾವ ಬೀಮು?"

"ಮೂರು, ನಾಲ್ಕು."

"ಎಷ್ಟು ಅಡಿ?"

"ಹದಿಮೂರು. ಬ್ರಹ್ಮಸ್ಥಾನ ಅಂತ..."

"ಯಾಕೆ ಅಂತ ಆಮೇಲೆ ಹೇಳಿ. ತುದೀಲಿ ಪೂರ್ತಿ ಇದಾವಾ? ಅಡಿಗೊಂದು? ನೀವು ಎಣಿಸಿದ್ರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಹಾಳೆಯ ಮೇಲೆ ಗೆರೆ ಎಳೆದು ಮೊಳೆಗಳನ್ನು ಒಂದೊಂದಾಗಿ ಚುಕ್ಕಿಯಿಟ್ಟಳು. ತೊಲೆ ಕೆಳಕ್ಕೆ ಬಗ್ಗುವ ಭಾಗದಲ್ಲಿ ನಡುವಿನಿಂದ ಒಂದೊಂದು ಕಡೆಗೆ ಹನ್ನೆರಡು ಮೊಳೆ ಇರಬೇಕು. ಉಳಿದದ್ದು ಐದು. "ಐದಕ್ಕೆ ಲೆಕ್ಕಾನೇ ಕೊಡಕ್ಕಾಗಲ್ಲ, ಬರೀ ಕಬ್ಬಿಣ ಅಂತಾನೇ ತಗೋಬೇಕು" ಎಂದು ತನಗೆ ತಾನೇ ಹೇಳಿಕೊಂಡು, ಎರಡು ತೊಲೆಗಳ ನಡುವಿನ ಚುಕ್ಕಿಗೆ ಬೇರೆ ಶಕ್ತಿ ಬರೆದಳು. ಮತ್ತೆ ಮೊದಲಿಂದ ಸಾಲು ಏರಿಸಿದಳು.

ಐದನೆಯ ಸಾಲಿಗೆ ತುದಿಗಳು ಹಳದಿ. ಆರಕ್ಕೆ ಗೆರೆ ಕಣ್ಣಿಗೆ ಕಾಣುವಷ್ಟು ಜಗ್ಗಿತು. ಏಳಕ್ಕೆ ನಡುವಿನ ಚುಕ್ಕಿಯೂ ಹಳದಿಯಾಯಿತು. ಎಂಟಕ್ಕೆ ಮೂರೂ ಕೆಂಪಾಗಿ, ಲೆಕ್ಕ ಮುಂದಕ್ಕೆ ಹೋಗುವುದಿಲ್ಲ ಎಂದು ಕಂಪ್ಯೂಟರು ನಿಂತುಬಿಟ್ಟಿತು.

"ಈಗ ಎಷ್ಟು ಸಾಲಿದೆ ಅಲ್ಲಿ?" ಎಂದಳು.

ಹಿಂದಿನ ದಿನ ಸಂಜೆ ಆ ದಾರಿಯಲ್ಲೇ ಬಂದಿದ್ದೆ. "ಏಳು ಆಗಿತ್ತು. ಎಂಟನೇದು ಇವತ್ತು ಹಾಕ್ತೀವಿ ಅಂತಿದ್ರು."

ಚೆನ್ನರಾಯಪ್ಪನವರ ಫೋನು ರಿಂಗಾಗುತ್ತಲೇ ಇತ್ತು. ಹಮಾಲಿಗಳ ನಂಬರು ನಮ್ಮಲ್ಲಿಲ್ಲ. ಕೆಳಗೆ ಕೂತು ಕೆಲಸ ಮಾಡುವ ಇಪ್ಪತ್ತೆರಡು ಹೆಂಗಸರಿಗೆ ಕೊಂಡಮ್ಮ ಎಂಬಾಕೆ ಮುಖ್ಯಸ್ಥೆ; ಅವಳ ಫೋನು ಸ್ವಿಚ್ ಆಫ್. ಕೊನೆಗೆ ಉದಯಕುಮಾರ ಸಿಕ್ಕಿದ. ಅವನ ವೆಲ್ಡಿಂಗ್ ಅಂಗಡಿ ಗೋಡೌನಿಗೆ ಅರ್ಧ ಮೈಲಿ. "ಉದಯ, ಓಡೋಗಿ ಹೆಂಗಸ್ರನ್ನ ಹೊರಗೆ ಕರ್ಕೊ. ಮೂಟೆ ಏರಿಸೋದು ನಿಲ್ಲಿಸು. ಯಾಕೆ ಅಂತ ಕೇಳ್ಬೇಡ" ಎಂದಳು ಹರಿತಾ. ಅವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ಅವಳ ಸ್ಕೂಟರಿನ ಹಿಂದೆ ಕೂತೆ. ರೈಲ್ವೆ ಗೇಟು ಹಾಕಿತ್ತು. ಗೂಡ್ಸು ರೈಲು, ಮುಗಿಯದ ಡಬ್ಬಿಗಳು. ಅವಳ ಬೆನ್ನು ಬೆತ್ತದ ಹಾಗೆ ಸೆಟೆದಿತ್ತು. ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು.

"ಅಮ್ಮ, ಚೆನ್ನರಾಯಪ್ಪ ಲೆಕ್ಕಕ್ಕೆ ಬಗ್ಗೋನಲ್ಲ. ಬ್ರಹ್ಮಸ್ಥಾನದ ಮೇಲೆ ಮೂಟೆ ಹೇರಿದ್ರೆ ಮನೆಗೆ ಕೇಡು ಅಂತ ಹೇಳಣ. ಅರ್ಧ ಗಂಟೇಲಿ ತಾನೇ ಇಳಿಸ್ತಾನೆ. ಮೊಳೆ ಮಾತೇ ಬೇಕಾಗಲ್ಲ."

"ನಿಮ್ಮ ಹೆಸರೂ ಬರಲ್ಲ" ಎಂದಳು, ತಿರುಗಿ ನೋಡದೆ.

ನಾನು ಹಾದುಹೋಗುವ ಡಬ್ಬಿಗಳ ಕಡೆ ತಿರುಗಿದೆ.

"ನೆಪ ಹೇಳಿ ಇಳಿಸಿದ್ರೆ ನಾಳೆ ಇನ್ನೊಬ್ರು ಶಾಂತಿ ಮಾಡ್ಸಿ ಏರಿಸ್ತಾರೆ ತಾತ. ಆವಾಗ ನಾವಿಬ್ರೂ ಇಲ್ಲಿರಲ್ಲ, ಕೆಳಗೆ ಹೆಂಗಸ್ರು ಇರ್ತಾರೆ."

ಗೇಟು ಎದ್ದಿತು.

ಹೋಗುವಷ್ಟರಲ್ಲಿ ಹೆಂಗಸರು ಹೊರಗೆ ಬೇವಿನ ನೆರಳಿನಲ್ಲಿ ನಿಂತಿದ್ದರು, ಕೈಯೆಲ್ಲ ಹುಣಸೆಯ ಅಂಟು. ಎಂಟನೆಯ ಸಾಲಿನಲ್ಲಿ ಹತ್ತು ಹನ್ನೆರಡು ಮೂಟೆ ಏರಿ ನಿಂತಿತ್ತು. ಚೆನ್ನರಾಯಪ್ಪನವರು ಬಾಗಿಲಲ್ಲೇ ಇದ್ದರು, ಮುಖ ಕೆಂಪಾಗಿತ್ತು.

"ಏನಮ್ಮ ಇದು? ಹತ್ತಕ್ಕೆ ಆಗುತ್ತಾ ಅಂತ ಕೇಳಿದ್ರೆ ಕೆಲಸಾನೇ ನಿಲ್ಸೋದಾ? ನೀನೇ ಎಂಟು ಅಂತ ಬರ್ದುಕೊಟ್ಟಿದೀಯ!"

"ಬರ್ದುಕೊಟ್ಟಿದ್ದು ಸ್ಟಡ್ಡು ಇರೋ ಬೀಮಿಗೆ ಯಜಮಾನ್ರೇ."

ಅವರು ನನ್ನ ಕಡೆ ನೋಡಿದರು. ಹೇಳು ಎಂದೋ ಹೇಳಬೇಡ ಎಂದೋ ತಿಳಿಯಲಿಲ್ಲ. "ನೀವು ಬೇಡ ಅಂದ್ರಿ, ನಾನು ಬಿಡಿಸ್ದೆ, ಈ ಹುಡುಗಿಗೆ ಹೇಳ್ಲಿಲ್ಲ" ಎಂದೆ. ಇಷ್ಟು ಮಾತಿಗೆ ನನ್ನ ನಾಲಿಗೆ ಕಲ್ಲುಗುಂಡು ಉರುಳಿಸಿದಷ್ಟು ದಣಿಯಿತು.

"ಹದಿಮೂರಡಿ ಮೊಳೆ ಇಲ್ದಿದ್ರೆ ಅಷ್ಟೊಂದು ಕಬ್ಬಿಣ ಬೀಳುತ್ತೇನಮ್ಮ? ಏಳು ಸಾಲು ಹೊತ್ಕೊಂಡು ನಿಂತಿಲ್ವಾ ಈಗ?"

"ನಿಂತಿದೆ. ಹೆಂಗೆ ನಿಂತಿದೆ ಅಂತ ನೋಡಣ ಬನ್ನಿ."

ಅವಳು ತೊಲೆಯ ನಡುವಿನಡಿಗೆ ಯಾರನ್ನೂ ಬಿಡಲಿಲ್ಲ. ಮೂರನೆಯ ತೊಲೆಯ ಎರಡು ತುದಿ, ಕಂಬದ ಪಕ್ಕ, ಏಣಿ ಹಾಕಿಸಿದಳು. ಒಂದಕ್ಕೆ ಉದಯಕುಮಾರ ಹತ್ತಿದ, ಇನ್ನೊಂದಕ್ಕೆ ನಾನು. ತೊಲೆಯ ಅಡಿಯಿಂದ ಅಳೆದು ಅರ್ಧ ಅಡಿ ಕೆಳಗೆ ದಾರ ಬಿಗಿದೆವು. ಬಿಗಿದ ದಾರ ಸುಳ್ಳು ಹೇಳುವುದಿಲ್ಲ. ತುದಿಯಲ್ಲಿ ನೂರೈವತ್ತು ಮಿಲಿಮೀಟರು ಸಂದಿ. ನಡುವಿಗೆ ಬರುತ್ತಾ ತೊಲೆ ದಾರದ ಕಡೆಗೆ ಇಳಿದಿತ್ತು. ಹರಿತಾ ಅಳತೆಪಟ್ಟಿಯನ್ನು ಉದ್ದ ಕೋಲಿಗೆ ಕಟ್ಟಿ, ಒಂದು ಪಕ್ಕದಿಂದ ಚಾಚಿ, ಮೊಬೈಲಿನಲ್ಲಿ ಹತ್ತಿರಕ್ಕೆ ಎಳೆದು ಓದಿದಳು.

"ಎಪ್ಪತ್ತೈದು ಇಳಿದಿದೆ."

"ನಿನ್ನ ಲೆಕ್ಕ ಎಷ್ಟಂದಿತ್ತು?" ಎಂದೆ.

"ಎಪ್ಪತ್ತೆಂಟು."

ಲೆಕ್ಕ ಸರಿಬಂದದ್ದಕ್ಕೆ ಹೆದರಿಕೆಯಾದದ್ದು ನನಗೆ ಅದೇ ಮೊದಲು. ಅವಳ ಕೋಣೆಯ ಪರದೆಯಲ್ಲಿದ್ದ ಹಳದಿ ಚುಕ್ಕಿ ಈಗ ನನ್ನ ತಲೆಯ ಮೇಲಿತ್ತು. ಕಂಬದ ಪಕ್ಕ ತೊಲೆಯ ಬಣ್ಣ ಸಣ್ಣ ಹಕ್ಕಳೆಯಾಗಿ ಎದ್ದು ಉದುರಿತ್ತು; ಕಬ್ಬಿಣ ಹಿಗ್ಗಿದ ಜಾಗ. ಏಣಿಯ ಮೇಲೆ ನಿಂತು ಬೆರಳಲ್ಲಿ ಮುಟ್ಟಿದೆ. ಪುಡಿ ಕೈಗೆ ಬಂತು.

ಚೆನ್ನರಾಯಪ್ಪನವರು ದಾರವನ್ನು ನೋಡುತ್ತಾ ನಿಂತರು. ದನಿ ತಗ್ಗಿತ್ತು. "ಹಂಗಾದ್ರೆ ಇಳಿಸಿ. ಹಮಾಲಿಗಳನ್ನ ಕರೀರಿ."

ಹಮಾಲಿಗಳ ಮುಂದಾಳು ವೆಂಕಟೇಶ್ ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. "ಬೀಳುತ್ತೆ ಅಂತೀರ, ಮತ್ತೆ ನಮ್ಮನ್ನೇ ಮೇಲಕ್ಕೆ ಹತ್ತಿಸ್ತೀರ. ನಮ್ಮ ಜೀವಕ್ಕೆ ಲೆಕ್ಕ ಹಾಕಿದೀರಾ ಮೇಡಂ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹರಿತಾ ಅವನ ಕಡೆ ತಿರುಗಿದಳು. "ಹಾಕಿದೀನಿ ಅಣ್ಣ. ಮೊದಲು ಕೆಳಗಿಂದ ಜಾಕಿ ಕೊಡಬೇಕು. ಜಾಕಿ ಕೂರೋವರೆಗೂ ಯಾರೂ ಮೇಲಕ್ಕೆ ಹೋಗಲ್ಲ. ಆಮೇಲೂ ಒಂದ್ಸಲಕ್ಕೆ ಇಬ್ಬರೇ, ಎಂಟನೇ ಸಾಲಿನ ಮೂಟೆ ಮೊದಲು."

ಜಾಕಿ ಎಂದರೆ ತಾರಸಿ ಹಾಕುವಾಗ ಅಡಿಗೆ ಕೊಡುವ ತಿರುಪಿನ ಕಬ್ಬಿಣದ ಊರುಗೋಲುಗಳು. ಹಿಂದಿನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ನನ್ನವೇ ಹದಿನಾರು ಬಿದ್ದಿದ್ದವು. ಹೊತ್ತು ತಂದದ್ದಾಯಿತು. ಆಗ ಚೆನ್ನರಾಯಪ್ಪನವರು ಅಡ್ಡ ನಿಂತರು.

"ಎಲ್ಲಿಗೆ ನಿಲ್ಲಿಸ್ತೀರ ಅದನ್ನ? ನಟ್ಟನಡುವೇನಾ? ಬೇರೆ ಕಡೆ ಕೊಡಿ. ಪಕ್ಕಕ್ಕೆ ಕೊಡಿ."

"ಜಗ್ಗಿರೋದು ನಡುವೆ ಯಜಮಾನ್ರೇ" ಎಂದಳು ಹರಿತಾ.

"ಬ್ರಹ್ಮಸ್ಥಾನದಲ್ಲಿ ಕಂಬ ಬೇಡ ಅಂತಾನೇ ಇಷ್ಟೆಲ್ಲ ಮಾಡಿದ್ದು ಕಣಮ್ಮ!"

ಬೇವಿನ ಮರದಡಿಯಿಂದ ಕೊಂಡಮ್ಮ ಬಾಯಿ ಹಾಕಿದಳು. ಪೆನುಕೊಂಡ ಕಡೆಯಿಂದ ಮದುವೆಯಾಗಿ ಬಂದವಳು, ಸಿಟ್ಟು ಬಂದರೆ ತೆಲುಗು ಮೊದಲು. "ಅಯ್ಯೋ ದೇವುಡಾ! ಮೂರು ತಿಂಗ್ಳಿಂದ ಅದೇ ಜಾಗದಾಗೆ ಕೂತು ಬೀಜ ಕುಟ್ಟಿದೀವಿ ನಾವು. ಬ್ರಹ್ಮನಿಗೆ ಮೊಳೆ ಚುಚ್ಚುತ್ತೆ, ಕಂಬ ಚುಚ್ಚುತ್ತೆ, ಮೂಟೆ ಮಾತ್ರ ಹೂವಿನಂಗೆ ಹಗುರ! ನಮ್ಮ ತಲೆ ಮೇಲೆ ಬಿದ್ದಿದ್ರೆ ಯಾರಿಗೆ ಚುಚ್ಚುತ್ತಿತ್ತು ಸ್ವಾಮಿ? ತಪ್ಪುಕೋ ಪಕ್ಕಕ್ಕೆ!"

ಯಜಮಾನರನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲಿರಬೇಕು. ಚೆನ್ನರಾಯಪ್ಪನವರು ಪಕ್ಕಕ್ಕೆ ಸರಿದರು.

ಒಳಗೆ ಯಾರು ಹೋಗುವುದು ಎಂದು ಹರಿತಾ ಕೇಳುವ ಮೊದಲೇ ನಾನು ಪಂಚೆ ಎತ್ತಿ ಕಟ್ಟಿದೆ. ಅವಳು ತೋಳು ಹಿಡಿದಳು. "ತಾತ, ನೀವು ಬೇಡ."

"ಬಿಡಿಸಿದೋನು ನಾನು ಕಣಮ್ಮ. ಜಾಕಿ ಬಿಗಿಯೋದು ನನ್ನಷ್ಟು ಇಲ್ಲಿ ಯಾರಿಗೂ ಬರಲ್ಲ, ಅದೂ ನಿಜಾನೇ."

ಉದಯಕುಮಾರನೂ ಜೊತೆಗೆ ಬಂದ. ನೆಲದ ಮೇಲೆ ಹಲಗೆ, ಹಲಗೆಯ ಮೇಲೆ ಜಾಕಿ, ಜಾಕಿಯ ತಲೆ ತೊಲೆಗೆ. ಮೊದಲನೆಯದು ನಡುವೆ, ಆಮೇಲೆ ಎರಡೂ ಕಡೆ ಐದೈದು ಅಡಿಗೆ. "ಎತ್ತಬೇಡಿ, ತಾಗಿಸಿ ಅಷ್ಟೇ, ಕೈಬಿಗಿ ಸಾಕು" ಎಂದು ಬಾಗಿಲಿಂದ ಹರಿತಾ ಕೂಗುತ್ತಿದ್ದಳು. ತಿರುಪು ಸುತ್ತುವಾಗ ಮೇಲೆಲ್ಲೋ ಟಕ್ ಎಂದಿತು. ನಾವಿಬ್ಬರೂ ಕಲ್ಲಾದೆವು. ತಗಡೋ, ಮೂಟೆಯೋ, ತೊಲೆಯೋ ತಿಳಿಯಲಿಲ್ಲ.

"ದಾರ ಅಲುಗಿಲ್ಲ! ಎಪ್ಪತ್ತೈದೇ ಇದೆ! ಬಿಗೀರಿ!" ಎಂದಳು ಹರಿತಾ.

ಬಿಗಿದೆವು. ಆರು ಜಾಕಿ, ಎರಡು ತೊಲೆ. ಹೊರಗೆ ಬಂದೆವು. ಕೊಂಡಮ್ಮ ತನ್ನ ಹಸಿರು ಬಾಟಲಿಯ ನೀರು ಕೊಟ್ಟು ಮುಖ ತಿರುಗಿಸಿದಳು.

ವೆಂಕಟೇಶ್ ಮತ್ತು ಇನ್ನೊಬ್ಬ ಮೇಲೆ ಹೋದರು. ಜಾರುಹಲಗೆಯಲ್ಲಿ ಮೂಟೆಗಳು ಒಂದೊಂದೇ ಇಳಿದವು. ಹರಿತಾ ಬಾಗಿಲಲ್ಲಿ ನಿಂತು, ಎರಡು ತೊಲೆಗೂ ಸಮನಾಗಿ ಭಾರ ಕಡಿಮೆಯಾಗುವಂತೆ, ಇಲ್ಲಿಂದ ನಾಲ್ಕು, ಅಲ್ಲಿಂದ ನಾಲ್ಕು ಎಂದು ಹೇಳುತ್ತಿದ್ದಳು. ಪ್ರತಿ ಸಾಲು ಇಳಿದ ಮೇಲೆ ದಾರ ಓದುವುದು. ಅರವತ್ತೊಂಬತ್ತು. ಅರವತ್ತು. ಐವತ್ತೊಂದು. ತೊಲೆ ಉಸಿರು ಬಿಡುತ್ತಾ ಮೇಲೇಳುತ್ತಿತ್ತು. ಜಾಕಿಗಳ ತಲೆಗೂ ತೊಲೆಗೂ ನಡುವೆ ಬೆಳಕು ಕಾಣತೊಡಗಿತು. ಮತ್ತೆ ಮತ್ತೆ ಹೋಗಿ ತಿರುಪು ಏರಿಸಿದೆವು. ಊಟದ ಹೊತ್ತು ಮೀರಿತು. ಯಾರೂ ಊಟ ಕೇಳಲಿಲ್ಲ. ಬಿಸಿಲು ಬೇವಿನ ಮರದ ಆಚೆಗೆ ಹೊರಳುವ ಹೊತ್ತಿಗೆ ನಡುವಿನ ಮೂರು ಅಂಕಣ ಬರಿದಾಯಿತು.

"ಈಗೆಷ್ಟು?" ಎಂದೆ.

"ಇಪ್ಪತ್ತೇಳು."

"ಎಷ್ಟಿರಬೇಕಿತ್ತು?"

"ಕಾಂಕ್ರೀಟಿನ ಸ್ವಂತ ಭಾರಕ್ಕೆ ಹದಿನೈದು. ಹನ್ನೆರಡು ಮಿಲಿಮೀಟರು ವಾಪಸ್ ಬರಲಿಲ್ಲ ತಾತ. ಬರೋದೂ ಇಲ್ಲ."

ಬಗ್ಗಿಸಿದ ತಂತಿಯ ಮೊಣಕೈ ಹಾಗೆ. ನನ್ನ ಹೆಬ್ಬೆರಳಿನ ಅರ್ಧದಷ್ಟು 'ಪರವಾಗಿಲ್ಲ ಬಿಡು' ಆ ತೊಲೆಯಲ್ಲಿ ಶಾಶ್ವತವಾಗಿ ಕೂತುಬಿಟ್ಟಿತ್ತು.

ಮುಂದೇನು ಎಂದು ಚೆನ್ನರಾಯಪ್ಪನವರು ಕೇಳಿದರು. ಹರಿತಾ ಎರಡು ದಾರಿ ಹೇಳಿದಳು. ಒಂದು, ಆ ಎರಡು ತೊಲೆಗಳ ನಡುವೆ ಕಾಯಂ ಕಂಬ. ಇನ್ನೊಂದು, ಕಾಂಕ್ರೀಟನ್ನು ಮೇಲಿನಿಂದ ಕೊರೆದು ತೊಲೆಯ ಬೆನ್ನಿಗೆ ಬೋಲ್ಟು ಕೂರಿಸುವುದು. ಬಿಟ್ಟದ್ದು ಹದಿಮೂರು, ಈಗ ಒಂದೊಂದು ತೊಲೆಗೆ ಇಪ್ಪತ್ತಾರು. "ತುದೀಲಿ ಸೋತಿರೋದಕ್ಕೂ ಉಕ್ಕಿನ ಪಟ್ಟಿ ಬೆಸೀಬೇಕು. ಎರಡರಲ್ಲಿ ಯಾವ್ದಾದ್ರೂ ಆಗೋವರ್ಗೂ ಮೇಲೆ ಒಂದು ಮೂಟೆ ಇಲ್ಲ, ಕೆಳಗೆ ಒಬ್ಬರೂ ಇಲ್ಲ. ಹಂಗಂತ ಬರ್ದುಕೊಡ್ತೀನಿ, ಬಾಗಿಲಿಗೂ ಅಂಟಿಸ್ತೀನಿ."

"ಊರಿಗೆಲ್ಲ ಗೊತ್ತಾಗುತ್ತಲ್ಲಮ್ಮ."

"ಗೊತ್ತಾಗ್ಲಿ ಯಜಮಾನ್ರೇ."

ಅವರು ಜಾಕಿಯ ಕಡೆ ನೋಡಿದರು. "ಬೋಲ್ಟೇ ಹಾಕಿ" ಎಂದರು. "ಕೆಲಸ ಆಗೋವರೆಗೂ ಹೆಂಗಸ್ರು ನಮ್ಮ ಮನೆ ಜಗುಲಿ ಮೇಲೆ ಕೂತು ಬಿಡಿಸ್ಲಿ."

ಎಲ್ಲರೂ ಚದುರಿದ ಮೇಲೆ ಹರಿತಾ ಇಳಿಸಿದ ಮೂಟೆಯೊಂದರ ಮೇಲೆ ಕೂತಳು. ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದುಕೊಂಡಳು. ಬೆಳಗಿನಿಂದ ಆ ಹೆದರಿಕೆಯನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದಳೋ. ನಾನು ಪಕ್ಕದಲ್ಲಿ ಕೂತೆ. ಹೆದರುಪುಕ್ಕಲಿ ಎಂದು ನಕ್ಕ ಬಾಯಲ್ಲೇ ತಪ್ಪಾಯಿತು ಎಂದೆ.

ಅವಳು ಕೇಳಿದಳು: "ನನ್ನ ಡ್ರಾಯಿಂಗ್ ಮೇಲೆ ನೀವು ಕಟ್ಟಿರೋದು ಇದನ್ನ ಬಿಟ್ಟು ಎಷ್ಟು ತಾತ?"

"ನಾಲ್ಕು. ಚಿಂತಾಮಣೀಲಿ ಒಂದು, ಶಿಡ್ಲಘಟ್ಟದಲ್ಲಿ ಎರಡು, ನಗರಗೆರೇಲಿ ಶಾಲೆ ರೂಮು."

ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಪೆನ್ನು ಹಿಡಿಯಲು ಎರಡು ಸಲ ಆಗಲಿಲ್ಲ, ಮೂರನೆಯ ಸಲ ಹಿಡಿದಳು.

"ಅವುಗಳಲ್ಲಿ ಏನೇನು ಬಿಟ್ಟಿದೀರ, ಹೇಳಿ. ಒಂದೂ ಮರೀಬೇಡಿ. ಶಾಲೆಯಿಂದ ಶುರು ಮಾಡಿ."

ನಾನು ಕಣ್ಣು ಮುಚ್ಚಿದೆ. ಶಾಲೆಯ ತಾರಸಿಯ ಕಂಬಿಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅಲ್ಲಿ ಸೋಮವಾರದಿಂದ ಶನಿವಾರದವರೆಗೆ ಮಕ್ಕಳು ಕೂರುತ್ತಾರೆ. ಎಣಿಸತೊಡಗಿದೆ. ಒಮ್ಮೆ ಎಣಿಸಿ ಮುಗಿಸಿದೆ. ಬಾಯಿ ತೆರೆಯುವ ಮೊದಲು ಮತ್ತೊಮ್ಮೆ ಎಣಿಸಿದೆ.